ಗಂಟಲಿನ ಕ್ಯಾನ್ಸರ್: ವೈರಾಣು ಇದೆಯೇ, ಇಲ್ಲವೇ?

ಗಂಟಲಿನ ಕ್ಯಾನ್ಸರ್ ರೋಗಿಯ ಬಯಾಪ್ಸಿ ವರದಿಯಲ್ಲಿ ‘ಎಚ್.ಪಿ.ವಿ. ಪಾಸಿಟಿವ್’ ಎಂಬ ಮಾತು ಕಂಡರೆ ಮನೆಯವರಿಗೆ ಗಾಬರಿ. ಕ್ಯಾನ್ಸರಿನ ಜೊತೆಗೆ ಮತ್ತೊಂದು ಸೋಂಕೂ ಅಂಟಿಕೊಂಡಿತಲ್ಲ ಎಂದು ಕಂಗೆಡುತ್ತಾರೆ. ನಿಜ ಹೇಳಬೇಕೆಂದರೆ, ಈ ಮಾತು ಬಹುಮಟ್ಟಿಗೆ ಭರವಸೆಯ ಸೂಚನೆ. ಅದು ಹೇಗೆ ಎಂಬುದನ್ನು ನೋಡೋಣ.

ಎಚ್.ಪಿ.ವಿ. ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಾಣು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಇದೇ ಕಾರಣವೆಂದು ತೋರಿಸಿದ ಜರ್ಮನ್ ವಿಜ್ಞಾನಿ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ವೈರಾಣುವಿನ 16ನೇ ಬಗೆಯು ಟಾನ್ಸಿಲ್ ಹಾಗೂ ನಾಲಿಗೆಯ ಬುಡದಲ್ಲೂ ನೆಲೆಸಬಲ್ಲದು. ಹೆಚ್ಚಿನವರಲ್ಲಿ ದೇಹವೇ ಇದನ್ನು ತೊಡೆದುಹಾಕುತ್ತದೆ. ಉಳಿದುಕೊಂಡರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಆಗಬಹುದು.

ತಂಬಾಕಿನಿಂದ ಬಂದ ಕ್ಯಾನ್ಸರಿನಲ್ಲಿ ಜೀವಕೋಶದ ಕಾವಲುಗಾರನಂತಿರುವ ‘ಪಿ-53’ ಎಂಬ ಜೀನ್ ಅನೇಕ ವೇಳೆ ಕೆಟ್ಟಿರುತ್ತದೆ. ವೈರಾಣುವಿನಿಂದ ಬಂದ ಕ್ಯಾನ್ಸರಿನಲ್ಲಿ ಜೀನ್ ಸಾಮಾನ್ಯವಾಗಿ ಸುಸ್ಥಿತಿಯಲ್ಲೇ ಇರುತ್ತದೆ. ಅದು ತಯಾರಿಸುವ ಪ್ರೋಟೀನನ್ನು ಮಾತ್ರ ವೈರಾಣು ನಾಶಮಾಡುತ್ತಿರುತ್ತದೆ. ಇಂಥ ಕೋಶಗಳು ವಿಕಿರಣ ಚಿಕಿತ್ಸೆಗೆ ಬೇಗ ಮಣಿಯಲು ಇದೂ ಒಂದು ಕಾರಣವೆಂದು ವಿಜ್ಞಾನಿಗಳ ವಿವರಣೆ.

ಅಮೆರಿಕೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಂಟಲಿನ ಈ ಭಾಗದ ಕ್ಯಾನ್ಸರ್ ಬಲಿತಿದ್ದ ರೋಗಿಗಳಿಗೆ ವಿಕಿರಣ ಹಾಗೂ ಸಿಸ್‌ಪ್ಲಾಟಿನ್ ಔಷಧಿ ನೀಡಲಾಗಿತ್ತು. ಮೂರು ವರ್ಷಗಳ ನಂತರ ವೈರಾಣು ಇದ್ದವರಲ್ಲಿ ನೂರಕ್ಕೆ 82 ಮಂದಿ ಬದುಕಿದ್ದರು. ಇಲ್ಲದವರಲ್ಲಿ 57 ಮಂದಿ. ಆದರೆ ವೈರಾಣು ಇದ್ದವರಲ್ಲೂ, ಬಹುಕಾಲ ಸಿಗರೇಟು ಸೇದಿದವರಿಗೆ ಈ ಅನುಕೂಲ ಕಡಿಮೆಯಾಗಿತ್ತು.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು, ‘ಹಾಗಾದರೆ ಚಿಕಿತ್ಸೆ ಕಡಿಮೆ ಮಾಡಬಹುದಲ್ಲ’ ಎಂಬ ಆಸೆ. ಸಿಸ್‌ಪ್ಲಾಟಿನ್ ಬದಲು ಸೌಮ್ಯವೆನಿಸಿದ ಸೆಟುಕ್ಸಿಮಾಬ್ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2018ರಲ್ಲಿ ಹೊರಬಂತು. ಎರಡರಲ್ಲೂ ಬದುಕುಳಿದವರ ಪ್ರಮಾಣ ತಗ್ಗಿತು. ಆದ್ದರಿಂದ ವೈದ್ಯರು ಹೇಳಿದ ಚಿಕಿತ್ಸೆಯನ್ನು ನಡುವೆ ಬಿಡಬಾರದು.

ಎರಡನೆಯದು ಪರೀಕ್ಷೆಯ ಮಾತು. ಅನೇಕ ಕಡೆ ‘ಪಿ-16’ ಎಂಬ ಪ್ರೋಟೀನನ್ನು ನೋಡಿ ವೈರಾಣು ಇದೆಯೆಂದು ಊಹಿಸುತ್ತಾರೆ. ಕೆಲವರಲ್ಲಿ ಪಿ-16 ಇದ್ದರೂ ವೈರಾಣು ಇರುವುದಿಲ್ಲ. ಅಂಥವರಿಗೆ ಮೇಲೆ ಹೇಳಿದಷ್ಟು ಭರವಸೆಯೂ ಇಲ್ಲ. ವೈರಾಣುವನ್ನೇ ಪರೀಕ್ಷಿಸಲಾಗಿದೆಯೇ ಎಂದು ವೈದ್ಯರನ್ನು ಕೇಳುವುದು ತಪ್ಪಲ್ಲ.

ಮೂರನೆಯದು, ಈ ಲೆಕ್ಕ ಟಾನ್ಸಿಲ್ ಮತ್ತು ನಾಲಿಗೆಯ ಬುಡಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಕೆನ್ನೆಯ ಒಳಭಾಗದ, ಒಸಡಿನ ಕ್ಯಾನ್ಸರಿಗೆ ಮುಖ್ಯ ಕಾರಣ ಹೊಗೆಸೊಪ್ಪು, ಗುಟ್ಕಾ ಮತ್ತು ಅಡಿಕೆ. ಅಲ್ಲಿ ಈ ಭರವಸೆಯ ಅಂಕಿಗಳನ್ನು ಅನ್ವಯಿಸಲಾಗದು.

ಇನ್ನೊಂದು ಮಾತು. ಈ ವೈರಾಣು ಸಾಮಾನ್ಯವಾಗಿ ಲೈಂಗಿಕ ಸಂಪರ್ಕದಿಂದ ಬರುವುದರಿಂದ ಕೆಲವು ಮನೆಗಳಲ್ಲಿ ಅನುಮಾನ, ಜಗಳ ಏಳುತ್ತವೆ. ಸೋಂಕು ಅತಿ ಸಾಮಾನ್ಯವಾದದ್ದು. ದಶಕಗಳ ಹಿಂದೆಯೇ ತಗುಲಿರಬಹುದು. ಒಟ್ಟಿಗೆ ಕುಳಿತು ಉಂಡರೆ ಹರಡುವಂಥದ್ದೂ ಅಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಮೂರು ವಾರ ಕಳೆದರೂ ಕರಗದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ವೈರಾಣು ಇರಲಿ ಇಲ್ಲದಿರಲಿ, ತಂಬಾಕು ಬಿಡುವುದು ರೋಗಿಯ ಕೈಯಲ್ಲೇ ಇರುವ ಚಿಕಿತ್ಸೆ.