ಅರವತ್ತು ಕಿಲೋಮೀಟರಿಗೆ ಮೂರು ದಿನ

ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ಇದು ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟವರು ಶನಿವಾರ ಬೆಳಿಗ್ಗೆ ಮುರ್ಡೇಶ್ವರದ ಶಿವನ ಮುಂದೆ ಫೋಟೊ ತೆಗೆಸಿಕೊಂಡು, ಹೊನ್ನಾವರದಲ್ಲಿ ಊಟ ಮುಗಿಸಿ, ಸಂಜೆಗೆ ಗೋಕರ್ಣದ ಓಂ ಬೀಚಿನಲ್ಲಿರುತ್ತಾರೆ. ಭಾನುವಾರ ಗೋವಾ, ಇಲ್ಲವೇ ಜೋಗ. ಸೋಮವಾರ ಆಫೀಸು. ಕೇಳಿದರೆ ‘ಕರಾವಳಿ ಮುಗಿಸಿದೆವು’ ಎನ್ನುತ್ತಾರೆ. ಪಾಪ, ಅವರು ಕಡಲನ್ನು ನೋಡಿದ್ದು ಎರಡೇ ಕಡೆ, ಅದೂ ಜನಜಾತ್ರೆಯ ನಡುವೆ.

ತಪ್ಪು ಅವರದಲ್ಲ. ಕರಾವಳಿ ರಸ್ತೆ ಎಂದು ಕರೆಸಿಕೊಳ್ಳುವ ಈ ಹೆದ್ದಾರಿಯಿಂದ ಕಡಲು ಕಾಣುವುದೇ ಅಪರೂಪ. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಸಮುದ್ರ ಇಟ್ಟುಕೊಂಡು ರಸ್ತೆ ಓಡುತ್ತದಲ್ಲ, ಆ ಭಾಗ್ಯ ಇಲ್ಲಿಲ್ಲ. ಇಲ್ಲಿ ಕಡಲು ಪಡುವಣಕ್ಕೆ ಒಂದೆರಡು ಮೈಲಿ ಆಚೆ, ತೆಂಗಿನ ತೋಟ, ಗದ್ದೆ, ಹಿನ್ನೀರುಗಳ ಮರೆಯಲ್ಲಿದೆ. ಅದನ್ನು ಮುಟ್ಟಬೇಕೆಂದರೆ ಹೆದ್ದಾರಿ ಬಿಟ್ಟು ಕಾರೊಂದು ಹಿಡಿಸುವಷ್ಟೇ ಅಗಲದ ಊರದಾರಿಗೆ ಇಳಿಯಬೇಕು. ಹೀಗಾಗಿ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕುಗಳ ಪ್ರವಾಸಕ್ಕೆ ನನ್ನ ಮೊದಲ ಸಲಹೆ ದಿಕ್ಕಿನದು: ಭಟ್ಕಳದಿಂದ ಶುರುಮಾಡಿ, ಉತ್ತರಕ್ಕೆ ಹೋಗಿ. ಆಗ ಕಡಲು ನಿಮ್ಮ ಎಡಗಡೆ ಇರುತ್ತದೆ. ನಡುವಿನ ಡಿವೈಡರ್ ದಾಟುವ, ಯು ಟರ್ನ್ ಹುಡುಕುವ ರಗಳೆಯಿಲ್ಲದೆ ಬೇಕೆಂದಲ್ಲಿ ಎಡಕ್ಕೆ ತಿರುಗಬಹುದು. ಕುಮಟಾದಿಂದ ತೆಂಕಕ್ಕೆ ಬರುವವರು ಒಂದೊಂದು ತಿರುವಿಗೂ ಲಾರಿಗಳ ನಡುವೆ ಕಾಯಬೇಕು. ಕಾದು ಬೇಸತ್ತವರು ‘ಮುಂದಿನ ಬೀಚಿಗೆ ಹೋದರಾಯಿತು’ ಅನ್ನುತ್ತಾರೆ. ಮುಂದಿನದಕ್ಕೂ ಅದೇ ಕತೆ.

ಭಟ್ಕಳದಲ್ಲಿ ನಿಲ್ಲುವವರು ಕಡಿಮೆ. ಊರಿನ ಹೆಸರು ಸುದ್ದಿಯಲ್ಲಿ ಬೇರೆ ಕಾರಣಕ್ಕೆ ಬಂದದ್ದೇ ಹೆಚ್ಚು. ಪ್ರವಾಸಿ ಕೈಪಿಡಿಗಳೂ ಮುರ್ಡೇಶ್ವರಕ್ಕೆ ಜಿಗಿದುಬಿಡುತ್ತವೆ. ಆದರೆ ವಿಜಯನಗರಕ್ಕೆ ಅರಬ್ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳಲ್ಲಿ ಇದೂ ಒಂದು. ಪೇಟೆಯೊಳಗಿನ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಲ್ಲಿ ಅರ್ಧ ಗಂಟೆ ಕೂತರೆ ಮೆಣಸಿನ ವ್ಯಾಪಾರದ ದುಡ್ಡು ಹೇಗೆ ಕಲ್ಲಾಯಿತೆಂಬುದು ತಿಳಿಯುತ್ತದೆ. ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು, ಚಿಕ್ಕದು. ಅದರ ಹೊರಗೋಡೆಯ ರಾಮಾಯಣದ ಪಟ್ಟಿಕೆಗಳನ್ನು ಕಣ್ಣ ಮಟ್ಟದಲ್ಲೇ ನಿಂತು ಓದಬಹುದು. ಮಳೆಗೆ ಜಗ್ಗದಂತೆ ಇಳಿಜಾರಿನ ಸೂರು, ಅದೂ ಕಲ್ಲಿನದೇ. ಹುಲ್ಲಿನ ಮಾಡು ಹೊದಿಸುವ ಊರಿನ ಬಡಗಿಯ ಲೆಕ್ಕಾಚಾರವನ್ನು ಶಿಲ್ಪಿ ಹಾಗೆಯೇ ಎತ್ತಿಕೊಂಡಿದ್ದಾನೆ.

ಊಟಕ್ಕೆ ಇಲ್ಲಿನ ನವಾಯತ ಸಮುದಾಯದ ಬಿರಿಯಾನಿ. ಅಕ್ಕಿಯದು ಎಲ್ಲ ಹೋಟೆಲುಗಳಲ್ಲೂ ಸಿಗುತ್ತದೆ. ಶಾವಿಗೆಯಲ್ಲಿ ಮಾಡುವ ಬಿರಿಯಾನಿ ಸಿಕ್ಕರೆ ಬಿಡಬೇಡಿ. ಮಲ್ಲಿಗೆ ಮುಡಿಯುವವರು ಜೊತೆಗಿದ್ದರೆ ಭಟ್ಕಳದ ಮಲ್ಲಿಗೆಯನ್ನು ಇಲ್ಲಿಯೇ ಕೊಳ್ಳಿ. ಸಂಜೆ ಜಾಲಿಯ ಕಡಲತೀರ, ಇಲ್ಲವೇ ತೆಂಗಿನಗುಂಡಿಯ ಬಂದರು. ದಕ್ಕೆಯಲ್ಲಿ ದೋಣಿ ಬಂದು ನಿಂತಾಗ ಆಗುವ ಹರಾಜಿನ ಗಲಾಟೆ ಒಂದು ಮನರಂಜನೆಯೇ. ಕ್ಯಾಮೆರಾ ಚಾಚುವ ಮುನ್ನ ಮೀನು ಮಾರುವ ಅಕ್ಕನನ್ನು ಒಂದು ಮಾತು ಕೇಳಿ.

ಮುರ್ಡೇಶ್ವರದ ಬಗ್ಗೆ ಹೇಳಲು ಹೊಸತೇನಿಲ್ಲ. 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ, ಎರಡರ ಹಿಂದೆಯೂ ಇದೇ ಊರಿನ ಉದ್ಯಮಿ ಆರ್.ಎನ್. ಶೆಟ್ಟಿ. ಲಿಫ್ಟ್‌ನಲ್ಲಿ ಮೇಲೇರಿ ಕಿಟಕಿಯಿಂದ ನೋಡಿದರೆ, ದೇವಸ್ಥಾನವಿರುವ ಕಂದುಕಗಿರಿ ಮೂರು ಕಡೆ ಕಡಲು ಸುತ್ತಿಕೊಂಡ ಗುಡ್ಡವೆಂಬುದು ಸ್ಪಷ್ಟವಾಗುತ್ತದೆ. ಕೆಳಗೆ ನಿಂತವರಿಗೆ ಅಂಗಡಿಸಾಲು ಮಾತ್ರ ಕಾಣುತ್ತದೆ. ಬೆಳಿಗ್ಗೆ ಏಳರೊಳಗೆ ಹೋಗಿ ಒಂಬತ್ತಕ್ಕೆ ಜಾಗ ಖಾಲಿ ಮಾಡುವುದು ಉತ್ತಮ. ನೇತ್ರಾಣಿಗೆ ಹೋಗುವವರ ಲೆಕ್ಕ ಬೇರೆ. ಇಲ್ಲಿಂದ ಸುಮಾರು 19 ಕಿ.ಮೀ. ಕಡಲೊಳಗಿರುವ ಈ ನಡುಗಡ್ಡೆಯ ಸುತ್ತ ಹವಳವಿದೆ, ನೀರು ತಿಳಿಯಾಗಿದೆ, ಸ್ಕೂಬಾ ಕಲಿಸುವವರಿದ್ದಾರೆ. ಒಂದು ಕಾಲಕ್ಕೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ದ್ವೀಪವಿದು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಹೋಗುವುದಾದರೆ ಆ ಇಡೀ ದಿನವನ್ನು ಅದಕ್ಕೇ ಬಿಟ್ಟುಕೊಡಿ. ಅಲೆಯ ಮೇಲೆ ತೂಗಾಡಿ ಬಂದ ಹೊಟ್ಟೆಗೆ ಸಂಜೆ ಕಾರು ಪ್ರಯಾಣ ಸೇರದು.

ಈ ಕರಾವಳಿಯ ಅತಿ ಹಳೆಯ ಪ್ರವಾಸದ ನಕ್ಷೆ ಬರೆದವನು ರಾವಣ. ಗೋಕರ್ಣದಲ್ಲಿ ಆತ್ಮಲಿಂಗ ಏಳದೆ ಹೋದಾಗ ಸಿಟ್ಟಿನಿಂದ ಕಿತ್ತೆಸೆದ ಬಟ್ಟೆ, ಮುಚ್ಚಳ, ದಾರ, ಸಂಪುಟಗಳು ಬಿದ್ದಲ್ಲೆಲ್ಲ ಒಂದೊಂದು ಕ್ಷೇತ್ರವಾಯಿತೆಂದು ಸ್ಥಳಪುರಾಣ. ಆ ಪಂಚಕ್ಷೇತ್ರಗಳಲ್ಲಿ ಮುರ್ಡೇಶ್ವರ, ಗುಣವಂತೆ, ಧಾರೇಶ್ವರ ಈ ಮೂರೂ ನಮ್ಮ 60 ಕಿಲೋಮೀಟರಿನೊಳಗೇ ಬರುತ್ತವೆ. ಅಜ್ಜ–ಅಜ್ಜಿಯರನ್ನು ಕರೆದೊಯ್ಯುವವರಿಗೆ ಇದೊಂದು ಅನುಕೂಲ: ಅವರಿಗೆ ದೇವಸ್ಥಾನ, ಮಕ್ಕಳಿಗೆ ಅದರ ಹಿಂದಿನ ಕಡಲು. ಲಿಂಗವನ್ನು ನೆಲಕ್ಕಿಟ್ಟ ಗಣಪತಿಯನ್ನು ಬಿಟ್ಟರೆ ರಾವಣನ ಕತೆ ಪೂರ್ತಿಯಾಗದು, ಆದ್ದರಿಂದ ಹೆದ್ದಾರಿಯಿಂದ ಒಳಗಿರುವ ಇಡಗುಂಜಿಗೂ ಒಂದು ಸುತ್ತು. ಎರಡು ಕೈಯ, ನಿಂತ ಗಣಪ, ಪಂಚಕಜ್ಜಾಯದ ಪ್ರಸಾದ.

ಗುಣವಂತೆ ನನಗೆ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆ ಇದು. ಮಗ ಶಂಭು ಹೆಗಡೆ 2009ರ ಫೆಬ್ರುವರಿಯಲ್ಲಿ ತೀರಿಕೊಂಡದ್ದು ಇಡಗುಂಜಿಯ ಆಟದಲ್ಲಿ ವೇಷ ಕಟ್ಟಿದ ರಾತ್ರಿಯೇ. ಅವರ ಹೆಸರಿನ ನಾಟ್ಯೋತ್ಸವ ಇಲ್ಲಿ ನಡೆಯುತ್ತದೆ. ನವೆಂಬರಿನಿಂದ ಮೇವರೆಗೆ ಈ ಸೀಮೆಯಲ್ಲಿ ಯಾವ ರಾತ್ರಿಯಾದರೂ ಎಲ್ಲಾದರೊಂದು ಕಡೆ ಬಡಗುತಿಟ್ಟಿನ ಚಂಡೆ ಬಡಿಯುತ್ತಿರುತ್ತದೆ. ಬಸ್ ನಿಲ್ದಾಣದ ಗೋಡೆಗಳ ಮೇಲಿನ ಪೋಸ್ಟರುಗಳನ್ನು ನೋಡಿ, ಚಹಾದಂಗಡಿಯಲ್ಲಿ ವಿಚಾರಿಸಿ. ರೆಸಾರ್ಟಿನ ಕ್ಯಾಂಪ್‌ಫೈರಿಗಿಂತ ಗದ್ದೆಬಯಲಿನ ಆಟದಲ್ಲಿ ರಾತ್ರಿ ಕಳೆಯುವುದು ಲಾಭದ ವ್ಯವಹಾರ, ನಿದ್ದೆಗೆಟ್ಟರೂ.

ಮುಂದಿನ ನಿಲುಗಡೆ ಕಾಸರಕೋಡು. 2020ರಲ್ಲಿ ಪಡುಬಿದ್ರಿಯ ಜೊತೆಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ. ಶೌಚಾಲಯ, ಸ್ನಾನದ ಕೋಣೆ, ಕಾವಲುಗಾರರು ಎಲ್ಲವೂ ಇವೆ. ಮಕ್ಕಳಿರುವ ಸಂಸಾರಕ್ಕೆ ಈಜಲು ಈ ಹಾದಿಯಲ್ಲಿ ನಾನು ಮೊದಲು ಹೇಳುವ ಹೆಸರು ಇದೇ. ಅದಕ್ಕೂ ಮೊದಲು ಸಿಗುವ ಅಪ್ಸರಕೊಂಡದ ಗುಡ್ಡದ ನೆತ್ತಿಯಿಂದ ಕಡಲಿನ ಉದ್ದಗಲ ಕಾಣುತ್ತದೆ, ಕೆಳಗೆ ಪುಟ್ಟ ಜಲಪಾತ. ಅಲ್ಲೇ ಪಕ್ಕದ ಕಾಸರಕೋಡು ಟೊಂಕದಲ್ಲಿ ಮಾತ್ರ ಪ್ರವಾಸಿಯ ಕಣ್ಣಿಗೆ ಬೀಳದ ಇನ್ನೊಂದು ಬದುಕಿದೆ. ಮರಳ ಮೇಲೆ ಒಣಮೀನು ಹರವುವ ಹೆಂಗಸರು, ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆಗಳು, ಮತ್ತು ಇವೆರಡರ ನಡುವೆ ಬರಲಿರುವ ಖಾಸಗಿ ಬಂದರಿನ ವಿರುದ್ಧ ಮೀನುಗಾರರ ದೀರ್ಘ ಹೋರಾಟ. ಬ್ಲೂ ಫ್ಲ್ಯಾಗಿನ ಬಾವುಟದಿಂದ ಟೊಂಕಕ್ಕೆ ಹೆಚ್ಚು ದೂರವಿಲ್ಲ. ಒಂದನ್ನು ನೋಡಿದವರು ಇನ್ನೊಂದನ್ನೂ ನೋಡಬೇಕು.

ಆಮೇಲೆ ಶರಾವತಿ. ಜೋಗದಲ್ಲಿ ಧುಮುಕಿ, ಗೇರುಸೊಪ್ಪೆ ದಾಟಿ, ಬಯಲಿಗೆ ಬಂದ ಮೇಲೆ ಈ ಹೊಳೆ ಕುರ್ವೆಗಳೆಂಬ ನಡುಗಡ್ಡೆಗಳನ್ನು ಬಳಸಿಕೊಂಡು ಅಗಲವಾಗಿ ಮಲಗುತ್ತದೆ. ಕೊಂಕಣ ರೈಲ್ವೆ ಇದನ್ನು ದಾಟಲು ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕಟ್ಟಬೇಕಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಹೊನ್ನಾವರಕ್ಕೆ ಬಂದಿಳಿದು, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆವರೆಗೆ ಇದೇ ನೀರಿನಲ್ಲಿ ದೋಣಿಯೇರಿ ಹೋದ. ಹೊಳೆಯ ಚೆಲುವಿಗೆ ಮಾರುಹೋಗಿ ಬರೆದ. ಅವನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದೂ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲವೆಂದೂ ಅವನ ದಾಖಲೆ. 14ನೇ ಶತಮಾನದ ಬಂದರುಪಟ್ಟಣ!

ಈಗಿನ ಪ್ರವಾಸಿಗೆ ಹಿನ್ನೀರಿನ ದೋಣಿಗಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಾಸಿನ ನಡೆದಾರಿಯಿದೆ. ಎರಡಕ್ಕೂ ಗಡಿಯಾರಕ್ಕಿಂತ ಭರತ–ಇಳಿತದ ವೇಳೆ ಮುಖ್ಯ. ಭರತದಲ್ಲಿ ಕಾಂಡ್ಲಾದ ಬೇರುಗಳು ಮುಳುಗಿ ದೋಣಿ ಒಳಗಿನ ಕಿರುಗಾಲುವೆಗಳಿಗೂ ನುಗ್ಗುತ್ತದೆ. ಇಳಿತದಲ್ಲಿ ಅದೇ ಜಾಗ ಏಡಿ, ಕೊಕ್ಕರೆಗಳ ಕೆಸರುಬಯಲು. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಜೋರು. ಮೊಬೈಲಿನಲ್ಲಿ ಹುಡುಕಿದರೆ ಹೊತ್ತು ಸಿಗುತ್ತದೆ, ದೋಣಿಯವರನ್ನು ಕೇಳಿದರೆ ಇನ್ನೂ ಸರಿಯಾಗಿ ಸಿಗುತ್ತದೆ. ಕೋಣೆ ಕಾದಿರಿಸುವ ಮೊದಲು ಇದನ್ನು ನೋಡಿಕೊಂಡವರ ಪ್ರವಾಸವೇ ಬೇರೆ. ಅಳಿವೆಯ ಆಚೆ ಕಡಲಲ್ಲಿ ಕಾಣುವ ಬಸವರಾಜದುರ್ಗ ಕೆಳದಿ ಅರಸರ ದ್ವೀಪಕೋಟೆ. ಮಕರ ಸಂಕ್ರಾಂತಿಯ ಹೊತ್ತಿಗೆ ಸುತ್ತಲಿನವರು ಪೂಜೆಗೆಂದು ದೋಣಿಯೇರಿ ಅಲ್ಲಿಗೆ ಹೋಗುತ್ತಾರೆ. ನೀವು ಆಗ ಇಲ್ಲಿದ್ದರೆ ಅದೃಷ್ಟ.

ಹೊನ್ನಾವರದಿಂದ ಕುಮಟಾಕ್ಕೆ 20 ಕಿ.ಮೀ. ನಡುವೆ ಹೊಳೆಗದ್ದೆಯ ಟೋಲ್, ಧಾರೇಶ್ವರ. ಕುಮಟಾ ಪೇಟೆಯಲ್ಲಿ ಹೆಚ್ಚು ಹೊತ್ತು ಕಳೆಯದೆ ಬಾಡ, ಕಾಗಾಲಗಳ ಕಡೆ ತಿರುಗಿ ಅಘನಾಶಿನಿ ಎಂಬ ಊರಿನವರೆಗೆ ಹೋಗಿ. ಅಲ್ಲಿ ರಸ್ತೆ ಮುಗಿದು ಹೊಳೆ ಶುರು; ಆಚೆ ದಡದಲ್ಲಿ ತದಡಿ. ದೋಣಿಯಲ್ಲಿ ದಾಟುವ ಆ ಕೆಲವು ನಿಮಿಷಗಳಿಗಾಗಿ ನಾನು ಹೆದ್ದಾರಿಯ ಯಾವ ಸೇತುವೆಯನ್ನೂ ಬಿಟ್ಟುಕೊಡಲು ತಯಾರು. ಶಿರಸಿಯ ಕಡೆಯಿಂದ ಹರಿದುಬರುವ ಈ ಅಘನಾಶಿನಿ ಹೊಳೆಗೆ ಇಲ್ಲಿಯವರೆಗೆ ಯಾರೂ ಅಣೆಕಟ್ಟು ಕಟ್ಟಿಲ್ಲ. ಅದರ ಫಲ ಅಳಿವೆಯಲ್ಲಿದೆ. ಇಳಿತದ ಹೊತ್ತಿಗೆ ನೂರಾರು ಜನ ಸೊಂಟಮಟ್ಟ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಮೀನು ಬಗೆಯುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ, ಗೊಬ್ಬರದ ಹಂಗಿಲ್ಲದೆ, ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಆಚೆ ಸಾಣಿಕಟ್ಟಾದಲ್ಲಿ ಬಿಸಿಲುಗಾಲಕ್ಕೆ ಉಪ್ಪು ಗುಡ್ಡೆಯಾಗುತ್ತದೆ. 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಸಿಹಿನೀರು ತಡೆಯಿಲ್ಲದೆ ಬಂದು ಉಪ್ಪುನೀರಿಗೆ ಬೆರೆಯುವುದು ನಿಂತರೆ ಬೆಳಚು, ಕಗ್ಗ ಎರಡೂ ಒಟ್ಟಿಗೆ ಕುಂದುತ್ತವೆ. ಬೆಳಚಿನ ಸುಕ್ಕಾ ತಿನ್ನುವಾಗ ನೆನಪಿಡಬೇಕಾದ ಸಂಗತಿ. ಗೋಕರ್ಣವೂ ಕುಮಟಾ ತಾಲ್ಲೂಕಿನದೇ. ಅದನ್ನು ಈ ಬಾರಿ ಬಿಟ್ಟರೆ ಅದಕ್ಕೇನೂ ಬೇಜಾರಾಗದು. ಬದಲಿಗೆ ಹೆದ್ದಾರಿಯ ಪಕ್ಕದ ಮಿರ್ಜಾನ್ ಕೋಟೆಗೆ ಸಂಜೆ ನಾಲ್ಕರ ಮೇಲೆ ಹೋಗಿ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅಂಟಿಕೊಂಡ ಕೆಂಪುಕಲ್ಲಿನ ಕೋಟೆ, ಮಳೆಗಾಲ ಮುಗಿದ ಹೊಸದರಲ್ಲಿ ಗೋಡೆಯ ಮೇಲೆಲ್ಲ ಹಸಿರು.

ಯಾವಾಗ ಹೋಗಬೇಕು? ಅಕ್ಟೋಬರಿನಿಂದ ಫೆಬ್ರುವರಿ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಡಿಸೆಂಬರಿನ ಕೊನೆಯ ವಾರ ಮಾತ್ರ ಬೇಡ. ಮೀನೂಟಕ್ಕೆಂದೇ ಹೋಗುವವರು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದನ್ನು ಮರೆಯಬಾರದು. ಆಗ ನಾಡದೋಣಿಯ ಮೀನು ಇಷ್ಟಿಷ್ಟೇ, ಬೆಲೆ ಗಗನಕ್ಕೆ. ಬಂಗುಡೆ, ನೊಗಲಿ, ಶೆಟ್ಲಿಗಳ ಹಬ್ಬ ಆಮೇಲಿನದು. ಮಳೆಗಾಲದ ಘಟ್ಟ ಚೆಂದ, ಆದರೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದರ ನೆನಪು ಇನ್ನೂ ಹಸಿಯಾಗಿದೆ. ಕೆಂಪು ಎಚ್ಚರಿಕೆ ಇರುವ ದಿನ ಪ್ರಯಾಣ ಮುಂದೂಡುವುದರಲ್ಲಿ ಅವಮಾನವಿಲ್ಲ.

ನೀರಿನ ವಿಷಯದಲ್ಲೂ ಇಷ್ಟೇ ಖಡಕ್ಕಾಗಿರಬೇಕು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಮುಳಬಾಗಿಲಿನ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ತೀರಿಕೊಂಡರು. ಘಟ್ಟದ ಮೇಲಿನ ಕೆರೆ, ಬಾವಿಗಳಲ್ಲಿ ಈಜು ಕಲಿತವರಿಗೆ ಕಡಲಿನ ಸೆಳೆತ ಅರ್ಥವಾಗುವುದಿಲ್ಲ. ದಡಕ್ಕೆ ಬಂದ ನೀರು ಒಂದು ಕಿರಿದಾದ ಪಟ್ಟಿಯಲ್ಲಿ ವಾಪಸು ಓಡುತ್ತದೆ. ಅಲ್ಲಿ ಅಲೆ ಕಡಿಮೆಯಿದ್ದು ನೀರು ಶಾಂತವಾಗಿ ಕಾಣುವುದರಿಂದಲೇ ಜನ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದತ್ತ ಗುದ್ದಾಡದೆ, ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಅಳಿವೆಯ ಬಾಯಲ್ಲಿ, ಅದೂ ಇಳಿತದಲ್ಲಿ, ಕಾಲೂ ಇಡಬೇಡಿ.

ಕಾರೇ ಬೇಕೆಂದಿಲ್ಲ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾಗಳಲ್ಲಿ ಇಳಿಸುತ್ತದೆ. ಭಟ್ಕಳದಲ್ಲಿ ಇಳಿದು ಮೂರನೆಯ ಸಂಜೆ ಕುಮಟಾದಲ್ಲಿ ಹತ್ತಬಹುದು. ನಡುವೆ ಬಸ್ಸು, ಆಟೊ ಧಾರಾಳ. ಕಾರಿನವರು ಬರುವಾಗ ಸಾಗರ–ಜೋಗ–ಗೇರುಸೊಪ್ಪೆ ದಾರಿಯಲ್ಲಿ ಹೊನ್ನಾವರಕ್ಕಿಳಿದು ಭಟ್ಕಳ ಸೇರಿ, ಹೋಗುವಾಗ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೊರಳಬಹುದು. ಘಟ್ಟದ ರಸ್ತೆ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಬೇಸಿಗೆಯ ಆರಂಭದಲ್ಲಿ ಹೋದವರಿಗೆ ಅಳ್ವೆಕೋಡಿ, ಹಂದಿಗೋಣದ ಬಳಿ ಹೆದ್ದಾರಿಯ ಪಕ್ಕ ಗಳುಗಳಿಗೆ ನೇತುಹಾಕಿದ ಈರುಳ್ಳಿ ಗೊಂಚಲುಗಳು ಸಿಗುತ್ತವೆ. ಕುಮಟಾದ ಸಿಹಿ ಈರುಳ್ಳಿ ಇದು, ಹಸಿಯಾಗಿ ತಿನ್ನಲು ಹೇಳಿ ಮಾಡಿಸಿದ್ದು. ಚೌಕಾಸಿ ಮಾಡಿ, ಆದರೆ ಗೊಂಚಲು ಬಿಡಿಸಿ ಚೀಲಕ್ಕೆ ತುಂಬಬೇಡಿ, ಕಾರಿನ ಡಿಕ್ಕಿಯಲ್ಲಿ ಮುಚ್ಚಿಡಲೂಬೇಡಿ. ಜಡೆಯ ಸಮೇತ ಒಯ್ದು ಅಡುಗೆಮನೆಯಲ್ಲಿ ಗಾಳಿಯಾಡುವ ಕಡೆ ತೂಗುಹಾಕಿದರೆ ಮಳೆಗಾಲದವರೆಗೂ ಬರುತ್ತದೆ.