ಹುಲಿಗಿಯಿಂದ ಕಾಕ್‌ಪಿಟ್‌ವರೆಗೆ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲ ಹೊತ್ತು, ‘ಪುಸ್ ಮಾತ್’ ಎಂಬ ಪುಟ್ಟ ವಿಮಾನವನ್ನು ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ತಂದು ಇಳಿಸಿದರು. ಅಲ್ಲಿಂದ ಮುಂದಕ್ಕೆ ಅಂಚೆಯನ್ನು ಮದ್ರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಮುಂಬೈ–ಮದ್ರಾಸ್ ನಡುವೆ ವಿಮಾನ ಇಳಿಯುತ್ತಿದ್ದ ಊರು ನಮ್ಮ ಬಳ್ಳಾರಿ. ಭಾರತದ ವಿಮಾನಯಾನದ ಮೊದಲ ಪುಟದಲ್ಲೇ ತುಂಗಭದ್ರೆಯ ಸೀಮೆಯ ಹೆಸರಿದೆ.

ಇಂದು ಕೊಪ್ಪಳ ಜಿಲ್ಲೆಯ ಹುಲಿಗಿಯ ಹುಲಿಗೆಮ್ಮ ದೇವಿಯ ಸನ್ನಿಧಿಯಿಂದ ಸ್ವಲ್ಪ ದೂರದಲ್ಲಿ, ಗಿಣಿಗೇರಾ ಬಳಿ, ಖಾಸಗಿ ಕಂಪನಿಯೊಂದರ ಏರ್‌ಸ್ಟ್ರಿಪ್ ಇದೆ. ಹೊಸಪೇಟೆ ದಾಟಿದರೆ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ. ‘ಉಡಾನ್’ ಯೋಜನೆಯಡಿ 2017ರಲ್ಲಿ ಅಲ್ಲಿಗೆ ಪ್ರಯಾಣಿಕರ ವಿಮಾನ ಬಂತು. ಆದರೂ ಹುಲಿಗಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಡೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ‘ನಾ ಪೈಲಟ್ ಆಗ್ತೀನಿ’ ಅಂದರೆ ಮನೆಯವರಿಗೆ ಮುಂದಿನ ಹೆಜ್ಜೆ ಯಾವುದೆಂದು ಗೊತ್ತಾಗುವುದಿಲ್ಲ. ಡಾಕ್ಟರಿಗೆ ನೀಟ್, ಎಂಜಿನಿಯರಿಗೆ ಸಿಇಟಿ ಎಂದು ಎಲ್ಲರಿಗೂ ಗೊತ್ತು. ಪೈಲಟ್ ಓದಿಗೂ ಅಷ್ಟೇ ಸ್ಪಷ್ಟವಾದ ಕ್ರಮವಿದೆ. ಆ ಕ್ರಮ ತಿಳಿಯದೆ ಮೊದಲೇ ದುಡ್ಡು ಕಟ್ಟಿದ ಮನೆಗಳು ಕಷ್ಟಕ್ಕೆ ಸಿಲುಕುತ್ತವೆ.

ಮೊದಲ ಆಯ್ಕೆ ಪಿಯುಸಿಯಲ್ಲಿ

ನಮ್ಮ ದೇಶದಲ್ಲಿ ಪೈಲಟ್‌ಗಳಿಗೆ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಸಂಬಳ ಪಡೆದು ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ (ಸಿಪಿಎಲ್) ಈಗಲೂ ನಡೆದುಬಂದಿರುವ ಅರ್ಹತೆ ಇದು: ವಯಸ್ಸು 18 ತುಂಬಿರಬೇಕು, ಭೌತಶಾಸ್ತ್ರ ಮತ್ತು ಗಣಿತದೊಂದಿಗೆ ಪಿಯುಸಿ ಪಾಸಾಗಿರಬೇಕು. ಹಾಗಾಗಿ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ವಿಜ್ಞಾನ ವಿಭಾಗ ಸೇರುವುದು ನೇರ ದಾರಿ. ಕಾಮರ್ಸ್ ಅಥವಾ ಆರ್ಟ್ಸ್ ಓದಿದವರಿಗೆ ಬಾಗಿಲು ಮುಚ್ಚಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯ (ಎನ್‌ಐಒಎಸ್) ಮೂಲಕ ಆ ಎರಡು ವಿಷಯ ಬರೆದು ಬಂದವರಿದ್ದಾರೆ. 16 ತುಂಬಿದವರಿಗೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್, 17ಕ್ಕೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಸಿಗುತ್ತದೆ.

ಗಣಿತ ಏಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ನೋಡಿ. ಎತ್ತರದಿಂದ ಇಳಿಯುವಾಗ ಪ್ರತಿ ಸಾವಿರ ಅಡಿಗೆ ಸುಮಾರು ಮೂರು ನಾಟಿಕಲ್ ಮೈಲು ದೂರ ಬೇಕು ಎಂಬುದು ಪೈಲಟ್‌ಗಳು ಬಾಯಲ್ಲೇ ಹಾಕುವ ಲೆಕ್ಕ. ವಿಮಾನ 36,000 ಅಡಿಯಲ್ಲಿದೆ. ಬೆಂಗಳೂರಿನ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಇಳಿಯಬೇಕಾದ್ದು 33,000 ಅಡಿ. ಮೂವತ್ತಮೂರು ಮೂರಲೆ ತೊಂಬತ್ತೊಂಬತ್ತು ನಾಟಿಕಲ್ ಮೈಲು, ಅಂದರೆ ಸುಮಾರು 183 ಕಿಲೋಮೀಟರ್. ಹುಲಿಗಿಯ ಮೇಲಿಂದ ನೇರವಾಗಿ ಬೆಂಗಳೂರಿಗೆ ಹೋಗುವ ವಿಮಾನ ಮೊಳಕಾಲ್ಮೂರಿನ ಸೀಮೆ ದಾಟುವ ಹೊತ್ತಿಗೇ ಇಳಿಯಲು ಶುರು ಮಾಡಿರಬೇಕು. ಹಿಂದಿನಿಂದ ಗಾಳಿ ತಳ್ಳುತ್ತಿದ್ದರೆ ಇನ್ನೂ ಮೊದಲೇ. ಕ್ಯಾಲ್ಕ್ಯುಲೇಟರ್ ಹುಡುಕದೆ ಈ ಲೆಕ್ಕ ತಲೆಯಲ್ಲೇ ಮೂಡಬೇಕು. ಅದಕ್ಕೆ ಹೈಸ್ಕೂಲಿನ ಮಗ್ಗಿ, ಕೋನ, ವೇಗ–ದೂರ–ಸಮಯದ ಪಾಠ ಗಟ್ಟಿಯಾಗಿದ್ದರೆ ಸಾಕು.

ಭೌತಶಾಸ್ತ್ರವೂ ಹಾಗೆಯೇ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು ನೆತ್ತಿ ಸುಡುವಾಗ ಗಾಳಿ ಕಾದು ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ಶಕ್ತಿ ಕಡಿಮೆ. ಅದೇ ವಿಮಾನಕ್ಕೆ ಡಿಸೆಂಬರ್ ಬೆಳಗ್ಗೆ ಸಾಕಾಗುವ ರನ್‌ವೇ ಏಪ್ರಿಲ್ ಮಧ್ಯಾಹ್ನ ಸಾಲದೆ ಹೋಗಬಹುದು. ಇದನ್ನು ಅರ್ಥಮಾಡಿಕೊಂಡು ಓದಿದ ವಿದ್ಯಾರ್ಥಿಗೆ ಮುಂದಿನ ಪರೀಕ್ಷೆಗಳು ಭಾರವಾಗುವುದಿಲ್ಲ.

ದುಡ್ಡಿಗಿಂತ ಮೊದಲು ಮೆಡಿಕಲ್

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಯಾವ ಫ್ಲೈಯಿಂಗ್ ಶಾಲೆಗೂ ಫೀಸು ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮುಗಿಸಿ. ಮೊದಲು ಡಿಜಿಸಿಎ ಮಾನ್ಯತೆ ಪಡೆದ ವೈದ್ಯರಲ್ಲಿ ಕ್ಲಾಸ್ 2, ಆಮೇಲೆ ಕ್ಲಾಸ್ 1. ಸಿಪಿಎಲ್‌ಗೆ ಕ್ಲಾಸ್ 1 ಕಡ್ಡಾಯ. ಅದನ್ನು ಮಾಡುವ ದೇಶದ ಪ್ರಮುಖ ಕೇಂದ್ರಗಳಲ್ಲೊಂದು ಬೆಂಗಳೂರಿನಲ್ಲೇ ಇದೆ. ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್.

ಕನ್ನಡಕ ಹಾಕಿದವರು ಪೈಲಟ್ ಆಗಲಾರರು ಎಂಬುದು ಹಳ್ಳಿಗಳಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. ಕನ್ನಡಕದಿಂದ ದೃಷ್ಟಿ ನಿಗದಿತ ಮಟ್ಟಕ್ಕೆ ಸರಿಹೋದರೆ ಏರ್‌ಲೈನ್ ಪೈಲಟ್ ಆಗಲು ಅಡ್ಡಿಯಿಲ್ಲ. ಬಣ್ಣ ಗುರುತಿಸುವ ಶಕ್ತಿ ಮಾತ್ರ ಸರಿಯಿರಲೇಬೇಕು. ಕಿವಿ, ಹೃದಯ, ರಕ್ತದೊತ್ತಡ, ಸಕ್ಕರೆ, ತೂಕ ಎಲ್ಲವನ್ನೂ ನೋಡುತ್ತಾರೆ. ತೂಕ, ರಕ್ತದೊತ್ತಡದಂಥ ಕಾರಣಕ್ಕೆ ತಾತ್ಕಾಲಿಕವಾಗಿ ‘ಅನ್‌ಫಿಟ್’ ಆದವರು ಸರಿಪಡಿಸಿಕೊಂಡು ಮತ್ತೆ ಹೋಗಬಹುದು. ಕೆಲವು ಸಾವಿರ ರೂಪಾಯಿಯ ಈ ಪರೀಕ್ಷೆ ಲಕ್ಷಗಟ್ಟಲೆ ಹಣವನ್ನು ಕಾಯುತ್ತದೆ.

ಐದು ಪತ್ರಿಕೆ, ಇನ್ನೂರು ಗಂಟೆ

ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್ ಎಂಬ ನೋಂದಣಿ ಸಂಖ್ಯೆ ಪಡೆದು ಬರೆಯಬೇಕಾದ ಪತ್ರಿಕೆಗಳು ಇವು: ಏರ್ ನ್ಯಾವಿಗೇಷನ್, ಮೆಟಿಯೊರಾಲಜಿ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್. ಪಾಸಾಗಲು ಶೇ 70 ಅಂಕ ಬೇಕು. ಇದರ ಜೊತೆಗೆ ರೇಡಿಯೊದಲ್ಲಿ ಮಾತಾಡಲು ಆರ್‌ಟಿಆರ್ ಎಂಬ ಪ್ರತ್ಯೇಕ ಪರೀಕ್ಷೆ. ಈ ಪತ್ರಿಕೆಗಳನ್ನು ಹಾರಾಟ ಶುರುವಾಗುವ ಮೊದಲೇ ಪಾಸು ಮಾಡಿಕೊಂಡರೆ ಸಮಯವೂ ಹಣವೂ ಉಳಿಯುತ್ತದೆ.

ಸಿಪಿಎಲ್‌ಗೆ ಒಟ್ಟು 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ವಿದ್ಯಾರ್ಥಿಯದೇ. 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ಒಂದು ದೂರದ ಹಾರಾಟವನ್ನು ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಮುಗಿಸಬೇಕು. ರಾತ್ರಿ ಹಾರಾಟ, ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನಂಬಿ ಹಾರುವ ಅಭ್ಯಾಸವೂ ಇದರಲ್ಲಿ ಸೇರಿದೆ.

ಈ ಗಂಟೆಗಳ ಶಿಸ್ತು ಶುರುವಾಗುವುದು ನೆಲದ ಮೇಲೆ. ಪ್ರತಿದಿನ ಹಾರುವ ಮೊದಲು ವಿದ್ಯಾರ್ಥಿ ರೆಕ್ಕೆಯ ಕೆಳಗೆ ಬಗ್ಗಿ, ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲನ್ನು ಪಾರದರ್ಶಕ ನಳಿಕೆಗೆ ಬಸಿದು ಬೆಳಕಿಗೆ ಹಿಡಿಯುತ್ತಾನೆ. ಪುಟ್ಟ ತರಬೇತಿ ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ ಆ ಇಂಧನಕ್ಕೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ನೀರು ಸೇರಿದ್ದರೆ ಭಾರಕ್ಕೆ ತಳದಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಆ ಗುಳ್ಳೆ ಆಕಾಶದಲ್ಲಿ ಎಂಜಿನ್ ನಿಲ್ಲಿಸಬಲ್ಲದು. ನಿನ್ನೆ ನೋಡಿದ್ದೆ ಎಂದು ಇವತ್ತು ಬಿಡುವಂತಿಲ್ಲ. ಯಾರೂ ನೋಡದಿದ್ದರೂ ಕೆಲಸವನ್ನು ಪೂರ್ತಿ ಮಾಡುವ ಈ ಗುಣ ಹದಿಹರೆಯದಲ್ಲೇ ರೂಢಿಯಾಗಬೇಕು.

ಎಲ್ಲಿ ಕಲಿಯಬಹುದು?

ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆಯಿದೆ. 1940ರ ದಶಕದ ಕೊನೆಯಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಸಂಸ್ಥೆ ಅದು. ನಮ್ಮದೇ ಕಲ್ಯಾಣ ಕರ್ನಾಟಕದ ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅಲ್ಲಿ ಹಾಗೂ ಬೆಳಗಾವಿಯಲ್ಲಿ ಖಾಸಗಿ ಫ್ಲೈಯಿಂಗ್ ಶಾಲೆಗಳಿಗೆ ವಿಮಾನ ನಿಲ್ದಾಣ ಪ್ರಾಧಿಕಾರ ಜಾಗ ಕೊಟ್ಟಿದೆ. ರಾಷ್ಟ್ರಮಟ್ಟದಲ್ಲಿ ಹೆಸರಾದದ್ದು ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ. 1985ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಪ್ರವೇಶ ಪರೀಕ್ಷೆಯ ಮೂಲಕವೇ ಸೇರಬೇಕು. ವಿದೇಶದಲ್ಲಿ ಕಲಿತು ಬಂದವರು ಇಲ್ಲಿ ಮತ್ತೆ ಪರೀಕ್ಷೆ ಬರೆದು ಲೈಸೆನ್ಸ್ ಬದಲಾಯಿಸಿಕೊಳ್ಳಬೇಕಾಗುತ್ತದೆ.

ಶಾಲೆ ಆರಿಸುವಾಗ ಕಟ್ಟಡ, ಜಾಹೀರಾತು ನೋಡಬೇಡಿ. ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಬೋಧಕರು ಎಷ್ಟು, ಹಿಂದಿನ ತಂಡ 200 ಗಂಟೆ ಮುಗಿಸಲು ಎಷ್ಟು ತಿಂಗಳು ತೆಗೆದುಕೊಂಡಿತು ಎಂದು ಕೇಳಿ. ಡಿಜಿಸಿಎ 2025ರಲ್ಲಿ ಫ್ಲೈಯಿಂಗ್ ಶಾಲೆಗಳ ಶ್ರೇಣಿ ಪಟ್ಟಿ ಪ್ರಕಟಿಸಲು ಶುರು ಮಾಡಿದೆ. ಅದನ್ನು ತಪ್ಪದೆ ನೋಡಿ.

ಖರ್ಚಿನ ವಿಷಯ ಮುಚ್ಚಿಡುವಂಥದ್ದಲ್ಲ. ಸಿಪಿಎಲ್ ತರಬೇತಿಗೆ ಸುಮಾರು 50 ಲಕ್ಷ ರೂಪಾಯಿ ಆಗುತ್ತದೆ. ಆಮೇಲೆ ಏರ್‌ಬಸ್ 320, ಬೋಯಿಂಗ್ 737, ಎಟಿಆರ್‌ನಂಥ ನಿರ್ದಿಷ್ಟ ವಿಮಾನಕ್ಕೆ ‘ಟೈಪ್ ರೇಟಿಂಗ್’ ಪಡೆಯಲು ಮತ್ತೆ ಹಲವು ಲಕ್ಷ. ಇಂಡಿಗೊ, ಏರ್ ಇಂಡಿಯಾ 2023ರಲ್ಲಿ ನೂರಾರು ವಿಮಾನಗಳಿಗೆ ಬೇಡಿಕೆ ಇಟ್ಟಿರುವುದು ನಿಜ. ಲೈಸೆನ್ಸ್ ಕೈಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಕೆಲಸಕ್ಕೆ ಕಾದವರಿರುವುದೂ ಅಷ್ಟೇ ನಿಜ. ಆದ್ದರಿಂದ ಇದ್ದ ಹೊಲ ಮಾರುವ ಮೊದಲು ಶಿಕ್ಷಣ ಸಾಲದ ಬಗ್ಗೆ ಬ್ಯಾಂಕಿನಲ್ಲಿ ಕೇಳಿ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಸಮುದಾಯದವರು ಕೊಪ್ಪಳದಲ್ಲಿರುವ ಆಯಾ ಇಲಾಖೆಯ ಕಚೇರಿಯಲ್ಲಿ ಆ ವರ್ಷದ ನೆರವಿನ ಯೋಜನೆಗಳನ್ನು ವಿಚಾರಿಸಿ.

ಹಣವೇ ಇಲ್ಲದವರಿಗೆ ವಾಯುಪಡೆಯ ದಾರಿಯಿದೆ. ಪಿಯುಸಿ ನಂತರ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆ ಪಾಸಾಗಿ ಆಯ್ಕೆಯಾದರೆ ತರಬೇತಿಯ ಖರ್ಚು ಸರ್ಕಾರದ್ದು. ಹೆಣ್ಣುಮಕ್ಕಳಿಗೂ 2022ರಿಂದ ಎನ್‌ಡಿಎ ಪ್ರವೇಶವಿದೆ. ಆದರೆ ಅಲ್ಲಿ ದೃಷ್ಟಿಯ ನಿಯಮ ಇನ್ನೂ ಬಿಗಿ. ಯುದ್ಧವಿಮಾನದ ಪೈಲಟ್‌ಗಳು ಹಾಕ್ ವಿಮಾನದಲ್ಲಿ ತರಬೇತಿ ಪಡೆಯುವ ಬೀದರ್ ವಾಯುನೆಲೆ ನಮ್ಮ ಭಾಗದಲ್ಲೇ ಇದೆ. ವಾಯುಪಡೆಯ ಸೇವೆ ಮುಗಿಸಿ ಏರ್‌ಲೈನ್‌ಗೆ ಬಂದ ಪೈಲಟ್‌ಗಳು ಬಹಳ ಮಂದಿ.

ಕನ್ನಡ ಮಾಧ್ಯಮ ಅಡ್ಡಿಯಲ್ಲ

ಪೈಲಟ್‌ಗೆ ಇಂಗ್ಲಿಷ್ ಬೇಕೇ ಬೇಕು. ಅಂತರರಾಷ್ಟ್ರೀಯ ನಿಯಮದಂತೆ ಕನಿಷ್ಠ ನಾಲ್ಕನೇ ಹಂತದ ಪ್ರಾವೀಣ್ಯ ತೋರಿಸಬೇಕು. ಅಲ್ಲಿ ಅಳೆಯುವ ಅಂಶಗಳಲ್ಲಿ ಸ್ಪಷ್ಟ ಉಚ್ಚಾರಣೆ ಮತ್ತು ಗ್ರಹಿಕೆ ಸೇರಿವೆ. ಕಂಟ್ರೋಲರ್ ಹೇಳಿದ ಎತ್ತರ, ದಿಕ್ಕು, ರನ್‌ವೇ ಸಂಖ್ಯೆಯನ್ನು ಪೈಲಟ್ ತಪ್ಪಿಲ್ಲದೆ ತಿರುಗಿ ಒಪ್ಪಿಸಬೇಕು. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಸುದ್ದಿ ಕೇಳಿ, ಗಟ್ಟಿಯಾಗಿ ಓದಿ ರೂಢಿಸಿಕೊಂಡರೆ ಎರಡು ವರ್ಷದಲ್ಲಿ ಭಯ ಹೋಗುತ್ತದೆ. ಹಾಸನ ಜಿಲ್ಲೆಯ ಗೊರೂರಿನ ಕನ್ನಡ ಶಾಲೆಯ ಹುಡುಗ ಜಿ.ಆರ್. ಗೋಪಿನಾಥ್ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, ಸೇನೆ ಸೇರಿ, 2003ರಲ್ಲಿ ಏರ್ ಡೆಕ್ಕನ್ ಎಂಬ ವಿಮಾನಯಾನ ಸಂಸ್ಥೆಯನ್ನೇ ಕಟ್ಟಿದರು.

ಹೆಣ್ಣುಮಕ್ಕಳ ತಂದೆ–ತಾಯಂದಿರಿಗೆ ಒಂದು ಮಾತು. ಮಹಿಳಾ ಪೈಲಟ್‌ಗಳ ಪ್ರಮಾಣದಲ್ಲಿ ಭಾರತ ಜಗತ್ತಿನ ಸರಾಸರಿಗಿಂತ ಬಹಳ ಮುಂದಿದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳೆಯರದೇ ಕಾಕ್‌ಪಿಟ್ ತಂಡ ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಾಗಿ ಹಾರಿ ಬಂದು ಇಳಿದದ್ದು ನಮ್ಮ ಬೆಂಗಳೂರಿನಲ್ಲಿ.

ಕೆಲಸ ಸಿಕ್ಕ ಮೇಲೂ ಓದು ನಿಲ್ಲುವುದಿಲ್ಲ. ಸಹ ಪೈಲಟ್ ಆಗಿ ಸೇರಿ, 1,500 ಗಂಟೆ ಹಾರಾಟ ಹಾಗೂ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್‌ನ (ಎಟಿಪಿಎಲ್) ಪರೀಕ್ಷೆಗಳನ್ನು ಮುಗಿಸಿದವರೇ ಮುಂದೆ ಕ್ಯಾಪ್ಟನ್ ಆಗುವುದು. ಮೆಡಿಕಲ್, ಸಿಮ್ಯುಲೇಟರ್ ಪರೀಕ್ಷೆ ನಿವೃತ್ತಿಯವರೆಗೂ ಇರುತ್ತವೆ.

ಕೊಪ್ಪಳ ಜಿಲ್ಲೆಯ ಹೈಸ್ಕೂಲು, ಪಿಯು ಕಾಲೇಜುಗಳ ಶಿಕ್ಷಕರಲ್ಲಿ ಒಂದು ವಿನಂತಿ: ವೃತ್ತಿ ಮಾರ್ಗದರ್ಶನದ ದಿನ ಡಾಕ್ಟರ್, ಎಂಜಿನಿಯರ್ ಓದಿನ ಜೊತೆಗೆ ಪೈಲಟ್ ಓದಿನ ಬಗ್ಗೆಯೂ ಹತ್ತು ನಿಮಿಷ ಹೇಳಿ. ಮನೆಯಲ್ಲಿ ಹಾರುವ ಆಸೆಯ ಮಗುವಿದ್ದರೆ ಕ್ರಮ ತಪ್ಪಿಸಬೇಡಿ. ಮೊದಲು ಪಿಯುಸಿ ವಿಜ್ಞಾನ, ನಂತರ ಮೆಡಿಕಲ್, ನಂತರ ಡಿಜಿಸಿಎ ಪತ್ರಿಕೆಗಳು, ಕೊನೆಗೆ ಫೀಸು.