‘ಬಹುದು’, ‘ಬಾರದು’, ‘ತಕ್ಕದ್ದು’: ವಾಹನ ಮೈಕ್ರೋಕಂಟ್ರೋಲರಿನ ಕೈಪಿಡಿಯನ್ನು ಕನ್ನಡದಲ್ಲಿ ಗ್ರಹಿಸುವ ಬಗೆ

ರಾಜರಾಜೇಶ್ವರಿನಗರದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಮೈಕ್ರೋಕಂಟ್ರೋಲರಿನ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಅದರ ಸುತ್ತಲಿನ ಮಾತು ಬಹುಮಟ್ಟಿಗೆ ಕನ್ನಡದಲ್ಲಿ ನಡೆಯುತ್ತದೆ. ಓದಿದ ವಾಕ್ಯವು ಪ್ರೋಗ್ರಾಮಾಗುವ ಮೊದಲು ಒಂದು ಮೌಖಿಕ ಅನುವಾದವನ್ನು ಹಾದುಬರುತ್ತದೆ. ಈ ಅನುವಾದದಲ್ಲಿ ವಿಧ್ಯರ್ಥ ಹಾಗೂ ಸಂಭಾವನಾರ್ಥದ ರೂಪಗಳು ಏನಾಗುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐಎಸ್ಒ ಮಾನಕಗಳಲ್ಲಿ ‘ಶಲ್’ ಎಂದರೆ ಕಡ್ಡಾಯ, ‘ಶುಡ್’ ಎಂದರೆ ಶಿಫಾರಸು, ‘ಮೇ’ ಎಂದರೆ ಅನುಮತಿ, ‘ಕ್ಯಾನ್’ ಎಂದರೆ ಸಾಧ್ಯತೆ. ವಾಹನಗಳ ಕ್ರಿಯಾತ್ಮಕ ಸುರಕ್ಷತೆಯ ಮಾನಕವಾದ ಐಎಸ್ಒ 26262 (2011, ಪರಿಷ್ಕೃತ ಆವೃತ್ತಿ 2018) ಕೂಡ ಇದೇ ಕ್ರಮವನ್ನು ಪಾಲಿಸುತ್ತದೆ. ಆಡುಮಾತಿನಲ್ಲಿ ಮೊದಲೆರಡೂ ‘ಬೇಕು’ ಆಗಿಬಿಡುತ್ತವೆ, ಕೊನೆಯೆರಡೂ ‘ಬಹುದು’. ಕಾನೂನಿನ ಕನ್ನಡದಲ್ಲಿ ಮಾತ್ರ ‘ಶಲ್’ಗೆ ‘ತಕ್ಕದ್ದು’ ಎಂಬ ಪ್ರತ್ಯೇಕ ರೂಪ ನೆಲೆಗೊಂಡಿದೆ. ಅದು ಪ್ರಯೋಗಶಾಲೆಯವರೆಗೆ ಬಂದಿಲ್ಲ, ಬಂದಿದ್ದರೆ ನಗೆಪಾಟಲಾಗುತ್ತಿತ್ತೇನೋ.

ನಿಷೇಧದಲ್ಲಿ ಕನ್ನಡವೇ ಹೆಚ್ಚು ಸ್ಪಷ್ಟ. ‘ಬಹುದು’, ‘ಬಾರದು’ ಎರಡೂ ‘ಬರು’ ಧಾತುವಿನಿಂದಲೇ ಬಂದವು. ಆದರೂ ‘ಬಹುದು’ ಅನುಮತಿ, ಸಾಧ್ಯತೆಗಳೆರಡನ್ನೂ ಹೇಳಿದರೆ ‘ಬಾರದು’ ಹೇಳುವುದು ನಿಷೇಧವನ್ನಷ್ಟೇ. ಇಂಗ್ಲಿಷಿನ ‘ಮೇ ನಾಟ್’ ಎಂಬುದನ್ನು ಸಂದರ್ಭಾನುಸಾರ ‘ಬರೆಯಬಾರದು’ ಎಂದೋ ‘ಬರೆಯದಿರಬಹುದು’ ಎಂದೋ ಬಿಡಿಸಲೇಬೇಕಾಗುತ್ತದೆ. ಬಿಡಿಸುವ ಈ ಕೆಲಸವೇ ಓದುಗನನ್ನು ಎಚ್ಚರಿಸುತ್ತದೆ.

ಡೇಟಾಶೀಟಿನ ಗರಿಷ್ಠ ಮಿತಿಗಳ ಕೋಷ್ಟಕದ ವಿಷಯದಲ್ಲಿ ‘ಬಹುದು’ ಅಪಾಯಕಾರಿ. ‘ಇಷ್ಟು ವೋಲ್ಟ್‌ವರೆಗೆ ಕೊಡಬಹುದು’ ಎಂಬ ಅನುವಾದ ಸಹಜವಾಗಿ ಬರುತ್ತದೆ, ಆದರೆ ತಪ್ಪು. ಆ ಕೋಷ್ಟಕವು ಅನುಮತಿಯನ್ನು ನೀಡುವುದಿಲ್ಲ. ಯಾವ ಮಿತಿಯನ್ನು ದಾಟಿದರೆ ಚಿಪ್ ಶಾಶ್ವತವಾಗಿ ಹಾಳಾಗುವ ಸಂಭವವಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ವಿನ್ಯಾಸಕ್ಕೆ ಆಧಾರವಾಗತಕ್ಕದ್ದು ಶಿಫಾರಸು ಮಾಡಿದ ಕಾರ್ಯಸ್ಥಿತಿಗಳ ಕೋಷ್ಟಕ.

ನಾಮಪದಗಳೂ ತೊಡಕಿನವೇ. ‘ರಿಸರ್ವ್ಡ್’ ಎಂದೊಡನೆ ನಮಗೆ ನೆನಪಾಗುವುದು ರೈಲಿನ ಕಾಯ್ದಿರಿಸಿದ ಆಸನ: ಯಾರೂ ಬರದಿದ್ದರೆ ಕೂರಬಹುದಾದದ್ದು. ರಿಜಿಸ್ಟರಿನಲ್ಲಿ ಹಾಗೆ ಕೂರುವಂತಿಲ್ಲ. ಕೈಪಿಡಿ ಸೂಚಿಸಿದ ಮೌಲ್ಯವನ್ನೇ ಉಳಿಸತಕ್ಕದ್ದು.

ಇದಕ್ಕಿಂತ ಸೂಕ್ಷ್ಮವಾದದ್ದು ‘1 ಬರೆದು ಅಳಿಸು’ ಎಂಬ ಬಗೆಯ ಸ್ಥಿತಿಸೂಚಕ ಬಿಟ್. ಅಳಿಸುವುದೆಂದರೆ 0 ಬರೆಯುವುದು ಎಂಬ ನಮ್ಮ ಪೂರ್ವಗ್ರಹಿಕೆಗೆ ಇದು ವಿರುದ್ಧ. ಒಂದೇ ರಿಜಿಸ್ಟರಿನಲ್ಲಿ ಎರಡು ಸೂಚಕಗಳು 1 ಆಗಿವೆಯೆನ್ನೋಣ. ಮೊದಲನೆಯದನ್ನು ಮಾತ್ರ ಅಳಿಸಲು ಬಯಸಿದ ವಿದ್ಯಾರ್ಥಿಯು ರಿಜಿಸ್ಟರನ್ನು ಓದಿ, ಆ ಬಿಟ್ಟನ್ನು ‘ಆರ್’ ಕ್ರಿಯೆಯಿಂದ ಸೇರಿಸಿ, ಮರಳಿ ಬರೆಯುತ್ತಾನೆ. ಓದಿದಾಗ ಬಂದ ಎರಡನೆಯ 1 ಕೂಡ ಮರಳಿ ಬರೆಯಲ್ಪಟ್ಟು, ಎರಡೂ ಅಳಿಯುತ್ತವೆ. ಎರಡನೆಯದು ಚಕ್ರದ ವೇಗಸಂವೇದಕದ ಸೂಚನೆಯಾಗಿದ್ದರೆ ಅದು ಬಂದದ್ದೇ ಬ್ರೇಕ್ ನಿಯಂತ್ರಕಕ್ಕೆ ತಿಳಿಯದೆ ಹೋಗಬಹುದು. ಇಲ್ಲಿನ ‘ಬಹುದು’ ಅನುಮತಿಯದಲ್ಲ.